ಹಳೇ ಷೆವ್ರೊಲೆ ಸಿ10ಗೆ ಮುಂದಿನ ಡಿಸ್ಕ್ ಬ್ರೇಕ್: ಕಳಚುವುದರಿಂದ ಓಡಿಸುವವರೆಗೆ

“ಹಳೇ ಸಿ10 ತಗೊಂಡೆ. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಬಹುದಾ?” ಅಮೆರಿಕದಲ್ಲಿ ಹಳೇ ಗಾಡಿಯ ಹುಚ್ಚು ಹತ್ತಿದ ಕನ್ನಡಿಗರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹಾಕಬಹುದು. ಗ್ಯಾರೇಜಿನಲ್ಲಿ ಜಾಗ ಇದ್ದು, ಕೈಗೆ ಗ್ರೀಸ್ ಮೆತ್ತಿಕೊಳ್ಳುವುದಕ್ಕೆ ಬೇಜಾರಿಲ್ಲದಿದ್ದರೆ ಎರಡು ವಾರಾಂತ್ಯದ ಕೆಲಸ. ಒಂದೇ ತೊಂದರೆ ಏನೆಂದರೆ, ಎಲ್ಲರೂ ಡಿಸ್ಕ್ ಎಷ್ಟು ದೊಡ್ಡದು, ಕ್ಯಾಲಿಪರ್ ಯಾವ ಬಣ್ಣ ಅಂತ ಕೇಳುತ್ತಾರೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಗ್ಗೆ ಕೇಳುವವರೇ ಇಲ್ಲ. ಕೈಕೊಡುವುದು ಅಲ್ಲೇ.

ಇಲ್ಲಿ ಬರೆದಿರುವುದು 1967ರಿಂದ 1970ರವರೆಗಿನ ಷೆವ್ರೊಲೆ ಸಿ10 ಪಿಕಪ್‌ಗೆ. (ಅಮೆರಿಕದಲ್ಲಿ ಪಿಕಪ್ಪನ್ನೂ ಟ್ರಕ್ ಅಂತಲೇ ಕರೆಯುತ್ತಾರೆ. ನಮ್ಮೂರಿನ ಲಾರಿ ಅಂದುಕೊಳ್ಳಬೇಡಿ.) ಸಿ ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಹೋಗುವ ಗಾಡಿ, 10 ಅಂದರೆ ಅರ್ಧ ಟನ್ ವರ್ಗ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕೆ10ರ ಮುಂದಿನ ಆಕ್ಸಲ್ ಬೇರೆ ಥರ. ಎಂಟು ಬೋಲ್ಟಿನ ಸಿ20 ಕೂಡ ಬೇರೆ. 1971ರಲ್ಲಿ ಕಾರ್ಖಾನೆಯವರೇ ಸಿ10ರ ಮುಂದಕ್ಕೆ ಡಿಸ್ಕ್ ಹಾಕಿ ಕಳಿಸಲು ಶುರು ಮಾಡಿದರು. ಗಾಡಿಯ ಮೂಲ ವಿನ್ಯಾಸ 1967ರದೇ. ಹಾಗಾಗಿ ಈ ಬದಲಾವಣೆಗೆ ಸಾಮಾನು ಸುಲಭವಾಗಿ ಸಿಗುತ್ತದೆ. ಊರಲ್ಲಿ ಹಳೇ ಜೀಪ್ ಇಟ್ಟುಕೊಂಡಿರುವವರು ಕ್ರಮವನ್ನು ಬೇಕಾದರೆ ನೋಡಿಕೊಳ್ಳಿ, ಇಲ್ಲಿನ ಅಳತೆಗಳನ್ನು ಮಾತ್ರ ಜೀಪಿಗೆ ಹಾಕಬೇಡಿ.

ನಿಜವಾಗಿ ಬೇಕಾ?

ಬ್ರೇಕ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ ಅನ್ನುವುದಷ್ಟೇ ನಿಮ್ಮ ದೂರಾದರೆ, ಮೊದಲು ಈಗಿರುವ ಡ್ರಮ್ (ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಹಳೇ ಬ್ರೇಕ್) ಬಿಚ್ಚಿ ನೋಡಿ. ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಲೈನರ್ ತಳ್ಳುವ ಪುಟ್ಟ ಸಿಲಿಂಡರ್) ಸೋರಿ ಲೈನರ್ (ಡ್ರಮ್‌ನ ಒಳಮುಖಕ್ಕೆ ಒತ್ತಿ ಉಜ್ಜುವ ಪಟ್ಟಿ) ಒದ್ದೆಯಾಗಿರಬಹುದು, ಅಥವಾ ಎರಡು ಕಡೆಯ ಹೊಂದಾಣಿಕೆ ಏರುಪೇರಾಗಿರಬಹುದು. ರಿಪೇರಿ ಮಾಡಿದ ಡ್ರಮ್, ಅರೆಬರೆ ಹಾಕಿದ ಡಿಸ್ಕ್‌ಗಿಂತ ಎಷ್ಟೋ ಮೇಲು.

ಡಿಸ್ಕ್ ಗೆಲ್ಲುವುದು ಬಿಸಿ ಮತ್ತು ನೀರಿನಲ್ಲಿ. ಆಗುಂಬೆ ಘಾಟಿಯಲ್ಲಿ ಲಾರಿಯ ಹಿಂದೆ ಇಳಿದವರಿಗೆ ಲೈನರ್ ಸುಟ್ಟ ವಾಸನೆ ಗೊತ್ತಿರುತ್ತದೆ. ಡ್ರಮ್ ಬಿಸಿಯಾದರೆ ಹಿಗ್ಗಿ ಲೈನರ್‌ನಿಂದ ದೂರ ಹೋಗುತ್ತದೆ. ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಬಿಸಿಯಾದರೆ ದಪ್ಪವಾಗಿ, ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಕಡೆಗೇ ಬರುತ್ತದೆ. ಅದೂ ಅಲ್ಲದೆ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ, ನೀರು ನಿಲ್ಲುವುದಿಲ್ಲ.

ಆದರೆ ಡ್ರಮ್‌ಗೆ ಒಂದು ಗುಣ ಇದೆ. ಸಿ10ರ ಡ್ರಮ್‌ನಲ್ಲಿ ಚಕ್ರ ತಿರುಗುವ ರಭಸಕ್ಕೇ ಲೈನರ್ ಇನ್ನಷ್ಟು ಒತ್ತಿಕೊಳ್ಳುತ್ತದೆ, ನಿಮ್ಮ ಕಾಲಿಗೆ ಗಾಡಿಯೇ ಸಹಾಯ ಮಾಡುತ್ತದೆ. ಡಿಸ್ಕ್‌ನಲ್ಲಿ ಈ ಸಹಾಯ ಇಲ್ಲ. “ಡಿಸ್ಕ್ ಹಾಕಿದ ಮೇಲೆ ಪೆಡಲ್ ಕಲ್ಲಿನಂತೆ ಆಯ್ತು, ಮೊದಲೇ ಚೆನ್ನಾಗಿತ್ತು” ಅಂತ ಗೊಣಗುವವರೆಲ್ಲ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು.

ದುಡ್ಡು ಕೊಡುವ ಮುಂಚೆ

ಕಿಟ್‌ನಲ್ಲಿ ಎರಡು ಜಾತಿ. ಒಂದು, ನಿಮ್ಮ ಹಳೇ ಸ್ಪಿಂಡಲ್ ಉಳಿಸಿಕೊಂಡು ಅದಕ್ಕೊಂದು ಬ್ರಾಕೆಟ್ ಬಿಗಿದು ಕ್ಯಾಲಿಪರ್ ಕೂರಿಸುವುದು. ಸ್ಪಿಂಡಲ್ ಅಂದರೆ ಚಕ್ರ ತಿರುಗುವ ಉಕ್ಕಿನ ಗೂಟ. ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಇಕ್ಕಳ. ಇನ್ನೊಂದು ಜಾತಿಯಲ್ಲಿ ಸ್ಪಿಂಡಲ್ಲೇ ಹೊಸದು. ನನಗೆ ಎರಡನೆಯದೇ ಇಷ್ಟ. ಐವತ್ತು ವರ್ಷ ದಾಟಿದ ಗೂಟದ ಮೇಲೆ ಬೇರಿಂಗ್ ಕೂತು ತೇಯ್ದ ಗುರುತು ಇರುತ್ತದೆ, ಅದರ ಮೇಲೆ ಹೊಸ ಸಾಮಾನು ಕೂರಿಸುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಒಂದು ಎಚ್ಚರ. ಹೊಸ ಸ್ಪಿಂಡಲ್‌ಗೆ ಯಾವ ವರ್ಷದ ಬಾಲ್ ಜಾಯಿಂಟ್, ಯಾವ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕಡ್ಡಿ) ತುದಿ ಕೂರುತ್ತದೆ ಅಂತ ಮಾರುವವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಲ್ ಜಾಯಿಂಟ್ ಅಂದರೆ ಸ್ಪಿಂಡಲನ್ನು ಮೇಲಿನ, ಕೆಳಗಿನ ಕಂಟ್ರೋಲ್ ಆರ್ಮ್‌ಗೆ (ಚಕ್ರವನ್ನು ಚೆಸ್ಸಿಗೆ ಹಿಡಿದಿಡುವ ತೋಳಿಗೆ) ಕೂಡಿಸುವ ಗುಂಡುತಲೆಯ ಕೀಲು. ಅದರ ಕಡ್ಡಿ ಮೊನೆಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಆ ಇಳಿಜಾರು ತೂತಿನ ಇಳಿಜಾರಿಗೆ ಸರಿಯಾಗಿ ಕೂರಬೇಕು. ಅಲುಗಾಡಿದರೆ ನಟ್ ಬಿಗಿದು ಸರಿ ಮಾಡುತ್ತೇನೆ ಅನ್ನಬೇಡಿ.

ಚಕ್ರದ ಬೋಲ್ಟ್ ಎಣಿಸಿ. 1970ರವರೆಗಿನ ಸಿ10ಕ್ಕೆ ಆರು ಬೋಲ್ಟ್, ಅವು ಕೂರುವ ವೃತ್ತದ ಅಗಲ ಐದೂವರೆ ಇಂಚು. 1971ರಿಂದ ಐದು ಬೋಲ್ಟ್, ಐದು ಇಂಚು ವೃತ್ತ. ಹಳೇ ಗುಜರಿ ಗಾಡಿಯಿಂದ 1971–72ರ ಸಾಮಾನು ಅಗ್ಗಕ್ಕೆ ತಂದರೆ ಮುಂದೆ ಐದು, ಹಿಂದೆ ಆರು ಆಗುತ್ತದೆ. ಒಂದೇ ಸ್ಟೆಪ್ನಿ ಎರಡು ಕಡೆಗೂ ಆಗಲ್ಲ. ಆರು ಬೋಲ್ಟಿನ ರೋಟರ್ ಇರುವ ಕಿಟ್‌ಗಳೂ ಸಿಗುತ್ತವೆ. ರೋಟರ್ ಅಂದರೆ ಡಿಸ್ಕ್‌ನ ಇನ್ನೊಂದು ಹೆಸರು, ಅಷ್ಟೇ.

ಡ್ರಮ್ ಕಾಲದ 15 ಇಂಚಿನ ಮೂಲ ಚಕ್ರ ಎಷ್ಟೋ ಸಲ ಕ್ಯಾಲಿಪರ್‌ಗೆ ತಾಗುತ್ತದೆ. 14 ಇಂಚಿನದನ್ನು ಮರೆತುಬಿಡಿ. ಚಕ್ರದ ದುಡ್ಡನ್ನೂ ಸೇರಿಸಿಯೇ ಬಜೆಟ್ ಹಾಕಿ.

ಇನ್ನು ಸಲಕರಣೆ. ಜಾಕ್, ಗಟ್ಟಿ ಸ್ಟ್ಯಾಂಡ್ ಎರಡು, ಟಾರ್ಕ್ ವ್ರೆಂಚ್ (ಎಷ್ಟು ಬಲಕ್ಕೆ ಬಿಗಿಯುತ್ತಿದ್ದೀರಿ ಅಂತ ತೋರಿಸುವ ಸ್ಪ್ಯಾನರ್), ಬ್ರೇಕ್ ಲೈನ್ ನಟ್‌ಗೆಂದೇ ಬರುವ ಫ್ಲೇರ್ ನಟ್ ಸ್ಪ್ಯಾನರ್, ಬ್ರೇಕ್ ಕ್ಲೀನರ್, ಡಿಸ್ಕ್ ಬ್ರೇಕ್ ಬೇರಿಂಗ್‌ಗೆ ಆಗುವ ಗ್ರೀಸ್, ಹೊಸ ಸ್ಪ್ಲಿಟ್ ಪಿನ್‌ಗಳು, ಸೀಲು ಒಡೆಯದ ಬ್ರೇಕ್ ಆಯಿಲ್. ಮಾಮೂಲಿ ಸ್ಪ್ಯಾನರ್ ಹಾಕಿ ಲೈನ್ ನಟ್ ಬಿಚ್ಚಲು ಹೋದರೆ ಅದರ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಇಡೀ ಲೈನ್ ಬದಲಿಸುವ ಕೆಲಸ.

1. ಎತ್ತಿ ನಿಲ್ಲಿಸುವುದು

ಸಮತಟ್ಟಾದ ಕಾಂಕ್ರೀಟ್ ನೆಲ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಲ್ಲು. ಚೆಸ್ಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಗಾಡಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಮತ್ತೆ ಇಳಿಸಿ ಎತ್ತಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ.

2. ಹಳೇದನ್ನು ಕಳಚುವುದು

ಡ್ರಮ್ ಒಳಗಿನ ಕರಿ ಧೂಳನ್ನು ಊದಬೇಡಿ, ಏರ್ ಗನ್ ಅಂತೂ ಬೇಡವೇ ಬೇಡ. ಆ ಕಾಲದ ಲೈನರ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ. ಮಾಸ್ಕ್ ಹಾಕಿಕೊಳ್ಳಿ.

ಒಂದು ಕಡೆ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆ ಮುಟ್ಟಬೇಡಿ. ಯಾವುದು ಎಲ್ಲಿತ್ತು ಅಂತ ಅನುಮಾನ ಬಂದರೆ ನೋಡಲು ಒಂದು ಕಡೆಯಾದರೂ ಇರಲಿ.

3. ಸ್ಪಿಂಡಲ್ ಬದಲಿಸುವುದು

ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಇರುವ ಹಂತ ಇದೇ. ಕೆಳಗಿನ ಕಂಟ್ರೋಲ್ ಆರ್ಮ್ ಮೇಲೆ ಅದುಮಿಟ್ಟ ಕಾಯಿಲ್ ಸ್ಪ್ರಿಂಗ್ ಕೂತಿದೆ. ಬಾಲ್ ಜಾಯಿಂಟ್ ಬಿಟ್ಟುಕೊಂಡ ಕ್ಷಣ ಆ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ಒದೆಯುತ್ತದೆ. ಆದ್ದರಿಂದ ಜಾಕನ್ನು ಕೆಳಗಿನ ಆರ್ಮ್ ಅಡಿಗೆ ಕೊಟ್ಟು, ಆರ್ಮ್ ಸ್ವಲ್ಪ ಮೇಲೇಳುವವರೆಗೆ ಎತ್ತಿ. ಸ್ಪ್ರಿಂಗ್ ಮತ್ತು ಚೆಸ್ಸಿ ಸುತ್ತ ಒಂದು ಸರಪಳಿ ಸುತ್ತಿ. ಸ್ಪಿಂಡಲ್ ಬದಲಾಗಿ ಎರಡೂ ನಟ್ ಬಿಗಿಯುವವರೆಗೆ ಜಾಕ್ ಅಲುಗಬಾರದು.

ಬಾಲ್ ಜಾಯಿಂಟ್ ನಟ್ ಪೂರ್ತಿ ತೆಗೆಯಬೇಡಿ, ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡಿ. ಆಮೇಲೆ ಸ್ಪಿಂಡಲ್‌ನ ದಪ್ಪ ಕಿವಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಜೋರಾಗಿ ಎರಡು ಏಟು ಹಾಕಿ. ಟಪ್ ಅಂತ ಬಿಟ್ಟುಕೊಂಡರೂ ನಟ್ ತಡೆದು ಹಿಡಿಯುತ್ತದೆ. ಕವಲಿರುವ ಮೀಟುಗೋಲು ತೂರಿಸಿ ಮೀಟಿದರೆ ರಬ್ಬರ್ ಬೂಟು ಹರಿಯುತ್ತದೆ. ಜಾಯಿಂಟ್ ಹೇಗೂ ಹೊಸದು ಹಾಕುವುದಾದರೆ ಪರವಾಗಿಲ್ಲ.

ಹೊಸದನ್ನು ಕೂರಿಸಿ ಕಿಟ್ ಕಾಗದದಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಸ್ಪ್ಲಿಟ್ ಪಿನ್ ತೂತು ಸರಿಹೊಂದದಿದ್ದರೆ ಬಾಲ್ ಜಾಯಿಂಟ್ ನಟ್ಟನ್ನು ಇನ್ನೂ ಬಿಗಿಯಬೇಕು, ಸಡಿಲಿಸಬಾರದು. ಮುಂದಿನ ಹಂತದಲ್ಲಿ ಇದು ಉಲ್ಟಾ. ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

4. ಬೇರಿಂಗ್ ಮತ್ತು ರೋಟರ್

ಹೊಸ ರೋಟರ್ ಮೇಲೆ ತುಕ್ಕು ಹಿಡಿಯದಿರಲು ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಎರಡೂ ಮುಖ ತೊಳೆಯಿರಿ. ತೊಳೆಯದಿದ್ದರೆ ಆ ಎಣ್ಣೆಯನ್ನು ಪ್ಯಾಡ್ ಕುಡಿಯುತ್ತದೆ.

ಬೇರಿಂಗ್‌ಗೆ ಮೇಲಿಂದ ಗ್ರೀಸ್ ಸವರಿದರೆ ಸಾಲದು. ಅಂಗೈ ಮೇಲೆ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು, ಬೇರಿಂಗ್‌ನ ಅಗಲ ಬಾಯನ್ನು ಉಂಡೆಯ ಅಂಚಿಗೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ಕಡೆಯ ಸಂದಿಗಳಿಂದ ಗ್ರೀಸ್ ಶಾವಿಗೆ ಒರಳಿನಿಂದ ಬಂದ ಹಾಗೆ ಎಳೆ ಎಳೆಯಾಗಿ ಹೊರಬರಬೇಕು. ಸುತ್ತಲೂ ಹಾಗೆ ಬಂದ ಮೇಲೆ ತುಂಬಿತು ಅಂತ ಅರ್ಥ. ಒಳಗಿನ ಬೇರಿಂಗ್ ಇಟ್ಟು, ಸೀಲ್ ಹೊಡೆದು, ರೋಟರ್ ಏರಿಸಿ, ಹೊರಗಿನ ಬೇರಿಂಗ್, ವಾಷರ್, ನಟ್ ಹಾಕಿ.

ರೋಟರ್ ತಿರುಗಿಸುತ್ತಲೇ ನಟ್ಟನ್ನು 12 ಪೌಂಡ್-ಅಡಿಗೆ ಬಿಗಿಯಿರಿ. ಇದು ಬೇರಿಂಗ್ ಕೂರುವುದಕ್ಕೆ. ನಂತರ ಪೂರ್ತಿ ಸಡಿಲಿಸಿ, ಬೆರಳಲ್ಲೇ ಬಿಗಿಯಾಗುವಷ್ಟು ತಿರುಗಿಸಿ. ಪಿನ್ ತೂತು ಸಿಗದಿದ್ದರೆ ಇಲ್ಲಿ ಸಡಿಲಿಸಬೇಕು, ಬಿಗಿಯಬಾರದು. ರೋಟರನ್ನು ಹಿಡಿದು ಒಳಗೆ ಹೊರಗೆ ಎಳೆದರೆ ಒಂದಿಷ್ಟೇ ಇಷ್ಟು ಆಟ ಇರಬೇಕು. ಡಯಲ್ ಗೇಜ್ ಇದ್ದರೆ 0.001ರಿಂದ 0.005 ಇಂಚು. ಚಕ್ರದ ನಟ್ ಬಿಗಿಯುವ ಹಾಗೆ ಇದನ್ನು ಬಿಗಿದರೆ ಬೇರಿಂಗ್ ಹೆದ್ದಾರಿಯಲ್ಲಿ ಸುಟ್ಟುಹೋಗುತ್ತದೆ.

5. ಕ್ಯಾಲಿಪರ್ ಮತ್ತು ಹೋಸ್

ಕ್ಯಾಲಿಪರ್ ಎಡ ಬಲ ಅಂತ ಇರುತ್ತದೆ. ಅದಲು ಬದಲಾದರೂ ಆರಾಮಾಗಿ ಕೂರುತ್ತದೆ, ಅದೇ ಬಲೆ. ಬ್ಲೀಡರ್ ತಿರುಪು, ಅಂದರೆ ಗಾಳಿ ಬಿಡುವ ತಿರುಪು, ಮೇಲ್ಗಡೆಗೆ ಇರಬೇಕು. ಕೆಳಗಿದ್ದರೆ ಗಾಳಿ ಮೇಲೆಯೇ ಉಳಿದು, ದಿನವಿಡೀ ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗೇ ಇರುತ್ತದೆ.

ಜಿಎಂ (ಷೆವ್ರೊಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸ್) ಮಾದರಿಯ ಒಂದೇ ಪಿಸ್ಟನ್ನಿನ ಕ್ಯಾಲಿಪರ್ ಆದರೆ ಹಿಡಿಕೆ ಬೋಲ್ಟ್‌ಗಳಿಗೆ 35 ಪೌಂಡ್-ಅಡಿ. ಬೋಲ್ಟ್ ಜಾರುವ ಜಾಗಕ್ಕೆ ಸಿಲಿಕೋನ್ ಗ್ರೀಸ್. ಹೋಸ್ ಸೇರುವ ಬ್ಯಾಂಜೋ ಬೋಲ್ಟ್‌ನ (ನಡುವೆ ತೂತಿರುವ ಬೋಲ್ಟ್) ಎರಡೂ ಕಡೆ ಹೊಸ ತಾಮ್ರದ ವಾಷರ್ ಹಾಕಿ. ಹಳೇ ವಾಷರ್ ಒಮ್ಮೆ ಚಪ್ಪಟೆಯಾದದ್ದು, ಮತ್ತೆ ಸೀಲ್ ಆಗಲ್ಲ.

ಚಕ್ರ ಹಾಕಿ, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಹೋಸ್ ಎಲ್ಲೂ ಟೈರಿಗೆ ತಾಗಬಾರದು, ಬಿಗಿಯಾಗಿ ಎಳೆಯಲೂಬಾರದು. ಸಸ್ಪೆನ್ಷನ್ ಇಳಿದಾಗ ಒಮ್ಮೆ, ಜಾಕ್ ಕೊಟ್ಟು ಎತ್ತಿದಾಗ ಒಮ್ಮೆ ನೋಡಿ.

6. ಮಾಸ್ಟರ್ ಸಿಲಿಂಡರ್, ಬೂಸ್ಟರ್, ವಾಲ್ವ್

ಮಾಸ್ಟರ್ ಸಿಲಿಂಡರ್ ಅಂದರೆ ನಿಮ್ಮ ಕಾಲಿನ ಒತ್ತನ್ನು ಆಯಿಲ್ ಒತ್ತಡವಾಗಿ ಮಾಡುವ ಪಂಪು. 1967ರಿಂದ ಈ ಗಾಡಿಗಳಿಗೆ ಮುಂದಕ್ಕೊಂದು ಹಿಂದಕ್ಕೊಂದು ಅಂತ ಎರಡು ಕೋಣೆಯ ಮಾಸ್ಟರ್ ಬಂತು. “ಎರಡು ಕೋಣೆ ಇದೆಯಲ್ಲ, ಇದೇ ನಡೆಯುತ್ತೆ” ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ನಡೆಯಲ್ಲ. ಎರಡು ಕಾರಣ.

ಒಂದು, ಕ್ಯಾಲಿಪರ್ ಪಿಸ್ಟನ್ ಸುಮಾರು 3 ಇಂಚು ಅಗಲ. ವೀಲ್ ಸಿಲಿಂಡರ್‌ಗಿಂತ ಎಷ್ಟೋ ಜಾಸ್ತಿ ಆಯಿಲ್ ಬೇಕು. ಪ್ಯಾಡ್ ಸವೆಯುತ್ತಾ ಹೋದಂತೆ ಇನ್ನೂ ಬೇಕು. ಡ್ರಮ್ ಮಾಸ್ಟರ್‌ನ ಚಿಕ್ಕ ಕೋಣೆ ಸಾಲುವುದಿಲ್ಲ. ಎರಡು, ಡ್ರಮ್ ಮಾಸ್ಟರ್‌ನ ಬಾಯಲ್ಲಿ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ಪುಟ್ಟ ವಾಲ್ವ್ ಇರಬಹುದು. ಡ್ರಮ್‌ನಲ್ಲಿ ಲೈನರ್ ಎಳೆಯಲು ಗಟ್ಟಿ ಸ್ಪ್ರಿಂಗ್ ಇರುವುದರಿಂದ ತೊಂದರೆ ಇಲ್ಲ. ಡಿಸ್ಕ್‌ನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಆದ್ದರಿಂದ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಗೆಂದೇ ಮಾಡಿದ ಮಾಸ್ಟರ್ ತನ್ನಿ. ಎರಡು ಕೋಣೆ ಚಿಕ್ಕದು ದೊಡ್ಡದು ಇದ್ದರೆ ದೊಡ್ಡದು ಡಿಸ್ಕ್‌ಗೆ. ಹಳೇ ಲೈನ್ ಎಲ್ಲಿತ್ತೋ ಅಲ್ಲಿಗೇ ಕಣ್ಣುಮುಚ್ಚಿ ಸೇರಿಸಬೇಡಿ, ಕಿಟ್ ಚಿತ್ರ ನೋಡಿ.

ಮಾಸ್ಟರ್‌ನ ಒಳವ್ಯಾಸದ ವಿಷಯ. ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸಿ ಮಾಸ್ಟರ್‌ಗೆ ಕೊಡುವ ಡಬ್ಬಿ) ಇಲ್ಲದಿದ್ದರೆ ಸಾಮಾನ್ಯವಾಗಿ 1 ಇಂಚು, ಇದ್ದರೆ 1⅛ ಇಂಚು. ದೊಡ್ಡದು ಒಳ್ಳೆಯದು ಅಂತ ಅಂದುಕೊಳ್ಳುತ್ತಾರೆ. 1⅛ ಇಂಚಿನದು ಒಂದೇ ತುಳಿತಕ್ಕೆ ಸುಮಾರು ಕಾಲು ಭಾಗ ಜಾಸ್ತಿ ಆಯಿಲ್ ತಳ್ಳುತ್ತದೆ ನಿಜ. ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ ಐದರಲ್ಲಿ ಒಂದು ಪಾಲು ಕಮ್ಮಿಯಾಗುತ್ತದೆ. ಬೂಸ್ಟರ್ ಇಲ್ಲದೆ ಅದನ್ನು ಹಾಕಿದರೆ ಸಿಗ್ನಲ್‌ನಲ್ಲಿ ಸೀಟಿನಿಂದ ಎದ್ದು ನಿಂತು ಬ್ರೇಕ್ ಒತ್ತಬೇಕಾಗುತ್ತದೆ.

ಪೆಡಲ್ ಅನುಪಾತವನ್ನೂ ಅಳೆಯಿರಿ. ಪೆಡಲ್ ತೂಗುವ ಕೀಲಿನಿಂದ ಪಾದ ಇಡುವ ಜಾಗದ ನಡುವಿಗೆ ಎಷ್ಟು, ಅದೇ ಕೀಲಿನಿಂದ ತಳ್ಳುಕಡ್ಡಿಯ ಪಿನ್ನಿಗೆ ಎಷ್ಟು, ಭಾಗಿಸಿ. ಬೂಸ್ಟರ್ ಇಲ್ಲದ ಗಾಡಿಗೆ 6ರ ಹತ್ತಿರ, ಇರುವುದಕ್ಕೆ 4ರ ಹತ್ತಿರ ಬಂದರೆ ಸರಿ.

ಬೂಸ್ಟರ್ ಎಂಜಿನ್ನಿನ ಗಾಳಿ ಎಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ ಕೆಲಸ ಮಾಡುತ್ತದೆ. ಗೇಜ್ ಹಾಕಿ ನೋಡಿ. ಐಡಲ್‌ನಲ್ಲಿ 18 ಇಂಚು ಪಾದರಸದಷ್ಟು ಬಂದರೆ ಚಿಂತೆ ಇಲ್ಲ. ಗಡಗಡ ಅನ್ನುವ ರೇಸ್ ಕ್ಯಾಮ್ ಹಾಕಿದ ಎಂಜಿನ್‌ಗಳಲ್ಲಿ ಅಷ್ಟು ಬರುವುದಿಲ್ಲ. ಆಗ ಬೂಸ್ಟರ್ ಬರೀ ಅಲಂಕಾರ.

ಈಗ ಎಲ್ಲರೂ ಬಿಟ್ಟುಬಿಡುವ ಅಳತೆ. ಬೂಸ್ಟರ್‌ನಿಂದ ಹೊರಬರುವ ಕಡ್ಡಿಗೂ ಮಾಸ್ಟರ್ ಪಿಸ್ಟನ್‌ಗೂ ನಡುವೆ ಸುಮಾರು 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಸಂದು ಬೇಕು. ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಕಡಲೆಕಾಳಿನಷ್ಟು ತೆಗೆದು ಕಡ್ಡಿಯ ತುದಿಗೆ ಅಂಟಿಸಿ. ಮಾಸ್ಟರ್ ಕೂರಿಸಿ ಬಿಗಿದು, ಮತ್ತೆ ಬಿಚ್ಚಿ, ಜೇಡಿ ಎಷ್ಟು ತೆಳ್ಳಗಾಗಿದೆ ಅಂತ ಅಳೆಯಿರಿ. ಕಡ್ಡಿಯ ತುದಿ ತಿರುಗಿಸಿ ಸರಿಮಾಡಿ.

ನಾನು ಮೊದಲ ಸಲ ಇದನ್ನು ಮಾಡಲಿಲ್ಲ. ಐದು ಮೈಲಿ ಹೋಗುವಷ್ಟರಲ್ಲಿ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಭಾರವಾಯಿತು, ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಕಡ್ಡಿ ಕೂದಲೆಳೆಯಷ್ಟು ಉದ್ದವಾಗಿ ಪಿಸ್ಟನ್ ವಾಪಸ್ ಬರಲು ಬಿಡುತ್ತಿರಲಿಲ್ಲ. ಆಯಿಲ್ ಬಿಸಿಯಾಗಿ ಹಿಗ್ಗಿ ಬ್ರೇಕ್ ತಾನೇ ಹಿಡಿಯುತ್ತಿತ್ತು. ನಿಮಗೂ ಹೀಗಾದರೆ ಪರೀಕ್ಷೆ ಸುಲಭ. ಮಾಸ್ಟರ್‌ನ ಎರಡು ನಟ್ ಸಡಿಲಿಸಿ ಅದನ್ನು ಒಂದು ವಾಷರ್‌ನಷ್ಟು ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟುಕೊಂಡರೆ ತಪ್ಪು ಕಡ್ಡಿಯದು, ಕ್ಯಾಲಿಪರ್‌ದಲ್ಲ.

ಕೊನೆಗೆ ಕಾಂಬಿನೇಷನ್ ವಾಲ್ವ್. ಹಳೇ ಗಾಡಿಯಲ್ಲಿ ಲೈನ್ ಹಂಚುವ ಒಂದು ಹಿತ್ತಾಳೆ ತುಂಡು ಇರುತ್ತದೆ, ಅದರ ಜಾಗಕ್ಕೆ ಇದು. ಹಿಂದಿನ ಲೈನರ್ ಡ್ರಮ್‌ಗೆ ಮುಟ್ಟುವವರೆಗೆ ಮುಂದಿನ ಡಿಸ್ಕನ್ನು ಕ್ಷಣ ತಡೆಯುತ್ತದೆ. ಜೋರಾಗಿ ಒತ್ತಿದಾಗ ಹಿಂದಕ್ಕೆ ಹೋಗುವ ಒತ್ತಡ ಏರುವುದನ್ನು ತಗ್ಗಿಸುತ್ತದೆ. ಒಂದು ಕಡೆ ಸೋರಿದರೆ ಡ್ಯಾಶ್‌ನಲ್ಲಿ ದೀಪ ಹಚ್ಚುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ ಅಲ್ವಾ, ಈ ವಾಲ್ವ್ ಇಲ್ಲದೆ ಮಳೆಯಲ್ಲಿ ಒತ್ತಿದರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ.

7. ಲೈನ್

ಉಕ್ಕು ಅಥವಾ ತಾಮ್ರ-ನಿಕಲ್ ಮಿಶ್ರಣದ ಬ್ರೇಕ್ ಲೈನ್ ಮಾತ್ರ. ಪ್ಲಂಬಿಂಗ್ ಅಂಗಡಿಯ ಬರೀ ತಾಮ್ರದ ಪೈಪು, ಒತ್ತಿ ಕೂರಿಸುವ ಜೋಡಣೆಗಳು ಬ್ರೇಕ್‌ಗೆ ಅಲ್ಲ. ತುದಿಯನ್ನು ಎರಡು ಮಡಿಕೆಯಾಗಿ ಅರಳಿಸಬೇಕು, ಇದಕ್ಕೆ ಡಬಲ್ ಫ್ಲೇರ್ ಅನ್ನುತ್ತಾರೆ. ಅರಳಿಸುವ ಮುಂಚೆ ನಟ್ ಹಾಕಲು ಮರೆಯಬೇಡಿ. ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ.

8. ಗಾಳಿ ತೆಗೆಯುವುದು

ಮಾಸ್ಟರ್ ಸಿಲಿಂಡರನ್ನು ಗಾಡಿಗೆ ಹಾಕುವ ಮುಂಚೆಯೇ ವೈಸ್‌ನಲ್ಲಿ ಹಿಡಿದು, ಎರಡು ಪುಟ್ಟ ಪೈಪುಗಳನ್ನು ಬಾಯಿಂದ ವಾಪಸ್ ಕೋಣೆಯ ಆಯಿಲ್ ಒಳಗೆ ಮುಳುಗಿಸಿ. ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ.

ಆಯಿಲ್ ಡಾಟ್ 3 ಅಥವಾ ಡಾಟ್ 4 ಸಾಕು. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಸಿಲಿಕೋನ್ ಅಲ್ಲ. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಕ್ರಮ: ಹಿಂದೆ ಬಲ, ಹಿಂದೆ ಎಡ, ಮುಂದೆ ಬಲ, ಮುಂದೆ ಎಡ. ಎಡಗಡೆ ಸ್ಟೀರಿಂಗ್ ಇರುವ ಗಾಡಿಯಲ್ಲಿ ಮಾಸ್ಟರ್‌ಗೆ ದೂರದಿಂದ ಹತ್ತಿರಕ್ಕೆ ಇದೇ ದಾರಿ. ಮನೆಯವರೊಬ್ಬರನ್ನು ಪೆಡಲ್ ಹತ್ತಿರ ಕೂರಿಸಿ. ಒತ್ತು, ಹಿಡಿದಿರು, ತಿರುಪು ಸಡಿಲ, ತಿರುಪು ಬಿಗಿ, ಈಗ ಬಿಡು. “ಬಿಡು” ಅನ್ನುವ ಮುಂಚೆ ಬಿಟ್ಟರೆ ಗಾಳಿ ವಾಪಸ್. ನಾಲ್ಕೈದು ಸಲಕ್ಕೊಮ್ಮೆ ಮಾಸ್ಟರ್‌ನಲ್ಲಿ ಆಯಿಲ್ ನೋಡಿ.

ಎಲ್ಲ ಆದ ಮೇಲೂ ಪೆಡಲ್ ತಗ್ಗಿದೆಯಾ? ಸುಮ್ನೆ ಮತ್ತೆ ಮತ್ತೆ ಬ್ಲೀಡ್ ಮಾಡಬೇಡಿ. ಹಿಂದಿನ ಡ್ರಮ್‌ನ ಲೈನರ್ ಹೊಂದಿಸಿ. ಚಕ್ರ ತಿರುಗಿಸಿದರೆ ಹಗುರವಾಗಿ ಉಜ್ಜುವ ಸದ್ದು ಬರಬೇಕು. ಅರ್ಧ ಜನರ ಪೆಡಲ್ ಇಲ್ಲೇ ಮೇಲೇಳುತ್ತದೆ.

9. ಮೊದಲ ಓಡಾಟ

ಎಂಜಿನ್ ಆಫ್ ಇದ್ದಾಗ ಪೆಡಲನ್ನು ಐದಾರು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಬ್ರೇಕ್ ಲೈಟ್ ಹತ್ತುತ್ತದಾ ನೋಡಿ. ಒಂದು ನಿಮಿಷ ಜೋರಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಎಲ್ಲ ಜೋಡಣೆಗಳನ್ನೂ ಟಾರ್ಚ್ ಹಾಕಿ ನೋಡಿಸಿ. ಎಲ್ಲೂ ತೇವ ಇರಬಾರದು.

ಮನೆ ಮುಂದೆಯೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ. ನಂತರ ಖಾಲಿ ರಸ್ತೆಯಲ್ಲಿ ಪ್ಯಾಡ್ ಪಳಗಿಸಬೇಕು. 30 ಮೈಲಿ ವೇಗದಿಂದ 5ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ ವೇಗ ಹಿಡಿಯಿರಿ. ಅರ್ಧ ನಿಮಿಷದ ಅಂತರದಲ್ಲಿ ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಜಾಸ್ತಿ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಿಸಿ. ಬಿಸಿ ರೋಟರ್ ಮೇಲೆ ಪ್ಯಾಡ್ ಒತ್ತಿ ನಿಲ್ಲಿಸಿದರೆ ಅಲ್ಲೊಂದು ಕಲೆ ಕೂತು, ಮುಂದೆ ಪೆಡಲ್ ನಡುಗುತ್ತದೆ.

ಮನೆಗೆ ಬಂದ ಕೂಡಲೇ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎರಡೂ ಕಡೆ ಒಂದೇ ಥರ ಬಿಸಿ ಇರಬೇಕು. ಸ್ಪಿಂಡಲ್ ಬದಲಿಸಿದ್ದರೆ ಅದೇ ವಾರ ಅಲೈನ್‌ಮೆಂಟ್ ಮಾಡಿಸಿ. 100 ಮೈಲಿ ಆದ ಮೇಲೆ ಚಕ್ರದ ನಟ್, ಕ್ಯಾಲಿಪರ್ ಬೋಲ್ಟ್, ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ. ಬಿಚ್ಚಿದ ಡ್ರಮ್‌ಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಗಾಡಿ ಮಾರುವ ದಿನ ಬಂದರೆ ಮೂಲ ಸಾಮಾನು ಇದೆಯಾ ಅಂತಲೇ ಮೊದಲು ಕೇಳುತ್ತಾರೆ.